‘ಅಲಂಕೃತ’ ಎಂಬ ಪದವೂ ಅಟ್ಟದ ಮೇಲಿನ ಸಕ್ಕರೆ ಡಬ್ಬವೂ

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜೀವಕೋಶಗಳ ಬೆಳವಣಿಗೆಯ ಬಗ್ಗೆ ನಾವು ಪ್ರಕಟಿಸಿದ ಲೇಖನದಲ್ಲಿ ‘ಸಕ್ಕರೆ ಸರಪಳಿಗಳಿಂದ ಅಲಂಕೃತವಾದ ಗ್ರಾಹಿ’ ಎಂಬ ಮಾತಿತ್ತು. ಗ್ರಾಹಿಯೆಂದರೆ ಹೊರಗಿನ ಸಂದೇಶವನ್ನು ಹಿಡಿದು ಕೋಶದ ಒಳಕ್ಕೆ ತಲುಪಿಸುವ ಪ್ರೋಟೀನು. ಅಲಂಕಾರವೇ ಆಗಿದ್ದರೆ ಕಳಚಿದರೂ ಗ್ರಾಹಿಗೆ ಏನೂ ಆಗಬಾರದಲ್ಲವೇ ಎಂದು ಕೇಳಿದ್ದೀರಿ. ನಿಮ್ಮ ಯಜಮಾನರ ಬಾಯಿ ಕ್ಯಾನ್ಸರಿಗೆ ಚಿಕಿತ್ಸೆ ನಡೆಯುತ್ತಿದೆ. ‘ಸಕ್ಕರೆ ತಿಂದರೆ ಕ್ಯಾನ್ಸರ್ ಬೆಳೆಯುತ್ತದೆ’ ಎಂಬ ನೆಂಟರ ಮಾತಿಗೆ ಹೆದರಿ ಡಬ್ಬವನ್ನು ಅಟ್ಟಕ್ಕೇರಿಸಿದ್ದೀರಿ. ಅದರಿಂದ ಆ ಸರಪಳಿಗಳು ಕರಗುತ್ತವೆಯೇ ಎಂದೂ ಕೇಳಿದ್ದೀರಿ. ಸಿಹಿಯಿಲ್ಲದ ರಾಗಿ ಗಂಜಿ ಅವರ ಗಂಟಲಿಳಿಯುತ್ತಿಲ್ಲ ಎಂಬ ನಿಮ್ಮ ಕೊನೆಯ ಸಾಲು ನನ್ನನ್ನು ಬಹಳ ಕಲಕಿತು. ಈ ಗೊಂದಲದಲ್ಲಿ ನಮ್ಮ ಪದಗಳ ಪಾಲೂ ಇದೆ. ಹಾಗಾಗಿ ಉದ್ದವಾಗಿಯೇ ಉತ್ತರಿಸುತ್ತೇನೆ.

ಮೊದಲು ‘ಸಕ್ಕರೆ’. ಕಾಫಿಗೆ ಹಾಕುವುದು ಸುಕ್ರೋಸ್. ಗ್ರಾಹಿಯ ಮೇಲಿನ ಸರಪಳಿಯಲ್ಲಿ ಸುಕ್ರೋಸ್ ಇಲ್ಲವೇ ಇಲ್ಲ. ಅಲ್ಲಿರುವುದು ಮ್ಯಾನೋಸ್, ಗ್ಯಾಲಕ್ಟೋಸ್, ಫ್ಯೂಕೋಸ್, ಎನ್-ಅಸಿಟೈಲ್ ಗ್ಲುಕೋಸಮೈನ್, ಸಿಯಾಲಿಕ್ ಆಮ್ಲ. ಈ ಇಡೀ ಕುಲಕ್ಕೆ ಶರ್ಕರ ಎಂಬ ಪದ ನಮ್ಮಲ್ಲಿದೆ. ಲೇಖನದಲ್ಲೂ ಅದೇ ಇರಬೇಕಿತ್ತು. ಮಧುಮೇಹಿಗಳು ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆಯೊಂದಿಗೂ ಇದನ್ನು ಬೆರೆಸಬೇಡಿ. ಅಲ್ಲಿ ರಕ್ತದ ಗ್ಲುಕೋಸ್ ತಾನಾಗಿಯೇ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡಿರುತ್ತದೆ. ಗ್ರಾಹಿಯ ಶರ್ಕರಗಳನ್ನಾದರೋ ಕೋಶವೇ ಕಿಣ್ವಗಳ ಮೂಲಕ ಗೊತ್ತಾದ ಜಾಗದಲ್ಲಿ, ಗೊತ್ತಾದ ಕ್ರಮದಲ್ಲಿ ಕೂರಿಸುತ್ತದೆ.

ಇಜಿಎಫ್ ಗ್ರಾಹಿಯನ್ನೇ ನೋಡೋಣ. ಬಾಯಿ, ಗಂಟಲಿನ ಕ್ಯಾನ್ಸರುಗಳಲ್ಲಿ ಇದು ಹಲವು ವೇಳೆ ಅತಿಯಾಗಿ ಕಾಣಿಸುವುದರಿಂದ ಈ ಹೆಸರು ನಿಮ್ಮ ಕಿವಿಗೂ ಬಿದ್ದಿರಬಹುದು. ಇಜಿಎಫ್ ಎಂಬ ಬೆಳವಣಿಗೆ ಅಂಶವನ್ನು ಕಂಡುಹಿಡಿದವರು ಸ್ಟ್ಯಾನ್ಲಿ ಕೋಹೆನ್. ಗ್ರಂಥಿಯ ಸಾರವನ್ನು ಚುಚ್ಚಿದಾಗ ಇಲಿಮರಿಗಳು ಎಂದಿಗಿಂತ ಬೇಗ ಕಣ್ಣು ತೆರೆದದ್ದು ಅವರಿಗೆ ಸಿಕ್ಕ ಸುಳಿವು. 1986ರಲ್ಲಿ ಅವರು ನೊಬೆಲ್ ಹಂಚಿಕೊಂಡರು. ಗ್ರಾಹಿ ಕೋಶಪೊರೆಯಲ್ಲಿ ನಾಟಿಕೊಂಡು ಹೊರಕ್ಕೆ ತಲೆ ಚಾಚಿರುತ್ತದೆ. ಇಜಿಎಫ್ ಬಂದು ಕೂತಾಗ ಎರಡು ಗ್ರಾಹಿಗಳು ಜೋಡಿಯಾಗುತ್ತವೆ, ಒಳಬದಿಯ ಬಾಲಗಳು ಒಂದಕ್ಕೊಂದು ಫಾಸ್ಫೇಟ್ ಸೇರಿಸುತ್ತವೆ, ವಿಭಜನೆಯಾಗಬೇಕೆಂಬ ಸಂದೇಶ ಒಳಗೆ ತಲುಪುತ್ತದೆ.

ಈ ಗ್ರಾಹಿಯ ತೂಕ, ಅಣುಗಳನ್ನು ತೂಗುವ ಮಾನದಲ್ಲಿ, ಸುಮಾರು 170 ಕಿಲೋಡಾಲ್ಟನ್. ಶರ್ಕರ ಕತ್ತರಿಸುವ ಕಿಣ್ವವನ್ನು ಬೆರೆಸಿ, ಪ್ರೋಟೀನುಗಳನ್ನು ತೂಕಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್ ಮೇಲೆ ಓಡಿಸಿದರೆ ಅದರ ಪಟ್ಟೆ 130ರ ಆಸುಪಾಸಿಗೆ ಜಾರುತ್ತದೆ. ಅಕ್ಕಪಕ್ಕದಲ್ಲಿ ಎರಡು ಕಪ್ಪು ಗೀಟುಗಳು, ಒಂದು ಮೇಲೆ, ಒಂದು ಕೆಳಗೆ. ನಡುವಿನ ಅಂತರವೆಲ್ಲ ಶರ್ಕರದ್ದು. ಒಟ್ಟು ತೂಕದ ಹೆಚ್ಚುಕಡಿಮೆ ಕಾಲು ಭಾಗ.

ಅದು ಕೂರುವ ಬಗೆಯನ್ನು ಗಮನಿಸಿ. ಪ್ರೋಟೀನಿನ ಎಳೆ ಇನ್ನೂ ತಯಾರಾಗುತ್ತಿರುವಾಗಲೇ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಕೋಶಭಾಗದಲ್ಲಿ, 14 ಶರ್ಕರಗಳ ಸಿದ್ಧ ಸರಪಳಿಯೊಂದು ಇಡಿಯಾಗಿ ಆಸ್ಪರಜೀನ್ ಎಂಬ ಅಮೈನೊ ಆಮ್ಲಕ್ಕೆ ಜೋಡಣೆಯಾಗುತ್ತದೆ. ಅದರ ತುದಿಯಲ್ಲಿ ಮೂರು ಗ್ಲುಕೋಸ್. ಎರಡನ್ನು ಕತ್ತರಿಸಿ ಒಂದನ್ನು ಉಳಿಸಿದಾಗ ಕ್ಯಾಲ್ನೆಕ್ಸಿನ್ ಎಂಬ ಪ್ರೋಟೀನು ಅಲ್ಲಿ ಹಿಡಿದುಕೊಂಡು, ಎಳೆ ಸರಿಯಾಗಿ ಮಡಚಿಕೊಳ್ಳಲು ನೆರವಾಗುತ್ತದೆ. ಕೊನೆಯ ಗ್ಲುಕೋಸ್ ಹೋದ ಮೇಲೆ ಮಡಿಕೆ ಸರಿಯಿದ್ದರೆ ಮುಂದಿನ ಹಂತ. ಸರಿಯಿಲ್ಲದಿದ್ದರೆ ಬೇರೊಂದು ಕಿಣ್ವ ಮತ್ತೆ ಒಂದು ಗ್ಲುಕೋಸನ್ನು ಅಂಟಿಸಿ ವಾಪಸ್ ಕಳಿಸುತ್ತದೆ. ಈ ಜೋಡಣೆಯನ್ನೇ ತಡೆಯುವ ಟ್ಯುನಿಕಾಮೈಸಿನ್ ಹಾಕಿದ ಕೋಶಗಳಲ್ಲಿ, ಹೊಸದಾಗಿ ತಯಾರಾದ ಗ್ರಾಹಿಗೆ ಇಜಿಎಫ್ ಹಿಡಿಯುವ ಶಕ್ತಿಯೇ ಬರುವುದಿಲ್ಲ.

ನನ್ನನ್ನು ಇನ್ನೂ ಬೆರಗುಗೊಳಿಸಿದ್ದು ಜಪಾನಿನ ನಾವೊಯುಕಿ ತಾನಿಗುಚಿ ಅವರ ತಂಡ 2000ದಲ್ಲಿ ಕಂಡದ್ದು. ಅವರು ಇಜಿಎಫ್ ಗ್ರಾಹಿಯ 420ನೆಯ ಅಮೈನೊ ಆಮ್ಲವೊಂದನ್ನು ಬದಲಿಸಿ, ಅಲ್ಲಿ ಮಾತ್ರ ಸರಪಳಿ ಕೂರದಂತೆ ಮಾಡಿದರು. ಇಜಿಎಫ್ ಇಲ್ಲದೆಯೇ ಗ್ರಾಹಿಗಳು ಒಂದಕ್ಕೊಂದು ಸೇರತೊಡಗಿದವು, ಯಾರೂ ತಟ್ಟದೆ ಕದ ತೆರೆದುಕೊಂಡ ಹಾಗೆ. ಹಲವು ಸರಪಳಿಗಳಲ್ಲಿ ಆ ಒಂದು, ಗ್ರಾಹಿಯನ್ನು ಸುಮ್ಮನಿರಿಸುವ ಕೆಲಸ ಮಾಡುತ್ತಿತ್ತು! 2005ರಲ್ಲಿ, ಸರಪಳಿಯ ಬುಡಕ್ಕೆ ಒಂದೇ ಒಂದು ಫ್ಯೂಕೋಸ್ ಸೇರಿಸುವ ಕಿಣ್ವವಿಲ್ಲದ ಇಲಿಗಳ ವರದಿಯೂ ಜಪಾನಿನಿಂದಲೇ ಬಂತು. ಅವುಗಳಲ್ಲಿ ಸುಮಾರು ಶೇ. 70ರಷ್ಟು ಹುಟ್ಟಿದ ಮೂರು ದಿನದೊಳಗೆ ಸತ್ತವು. ಬದುಕುಳಿದವುಗಳ ಶ್ವಾಸಕೋಶ ಹಾಳಾಗಿತ್ತು. ಅಲ್ಲಿ ಕೆಲಸ ಕೆಟ್ಟದ್ದು ಟಿಜಿಎಫ್-ಬೀಟಾ ಎಂಬ ಇನ್ನೊಂದು ಅಂಶದ ಗ್ರಾಹಿಯದು. ನೀವು ಕೇಳಿದ ‘ಕಳಚಿದರೆ ಏನಾಗುತ್ತದೆ’ ಎಂಬುದಕ್ಕೆ ಇದಕ್ಕಿಂತ ಕಟುವಾದ ಉತ್ತರ ನನಗೆ ತಿಳಿದಿಲ್ಲ.

ಇನ್ನು ಡಬ್ಬದ ವಿಷಯ. ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು: ಕೋಶಕ್ಕೆ ಸಿಗುವ ಪೋಷಕಾಂಶಕ್ಕೂ ಈ ಸರಪಳಿಗಳಿಗೂ ನಂಟು ಇದೆ. ಟೊರಾಂಟೊದ ಜೇಮ್ಸ್ ಡೆನ್ನಿಸ್ ಅವರ ತಂಡ 2004ರಲ್ಲಿ ಮತ್ತು 2007ರಲ್ಲಿ ಇದನ್ನು ತೋರಿಸಿತು. ಸರಪಳಿಗೆ ಕವಲುಗಳು ಹೆಚ್ಚಿದಷ್ಟೂ ಗ್ಯಾಲೆಕ್ಟಿನ್ ಎಂಬ ಪ್ರೋಟೀನುಗಳು ಅವನ್ನು ಬಿಗಿಯಾಗಿ ಹಿಡಿಯುತ್ತವೆ. ಬಿದಿರು ಕಡ್ಡಿಗಳನ್ನು ನಾರಿನಿಂದ ಬಿಗಿದ ತಡಿಕೆಯಂತೆ ಗ್ರಾಹಿಗಳು ಕೋಶದ ಮೇಲ್ಮೈಯಲ್ಲೇ ನಿಲ್ಲುತ್ತವೆ, ಕೋಶ ಅವನ್ನು ಒಳಗೆ ಎಳೆದುಕೊಳ್ಳುವುದು ತಪ್ಪುತ್ತದೆ. ಸಾಕಿದ ಕೋಶಗಳಿಗೆ ಎನ್-ಅಸಿಟೈಲ್ ಗ್ಲುಕೋಸಮೈನನ್ನು ಹೆಚ್ಚಾಗಿ ಕೊಟ್ಟಾಗ ಕವಲುಗಳೂ ಹೆಚ್ಚಿದವು.

ಆದರೆ ಅದು ಗಾಜಿನ ತಟ್ಟೆಯಲ್ಲಿ ಸಾಕಿದ ಕೋಶದ ಮಾತು. ನೀವು ಸಕ್ಕರೆ ನಿಲ್ಲಿಸಿದರೂ ಅನ್ನ, ರಾಗಿಯಿಂದ ಗ್ಲುಕೋಸ್ ಬರುತ್ತದೆ. ಅದೂ ಸಾಲದಿದ್ದರೆ ಯಕೃತ್ತು ತಾನೇ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅದರಿಂದ ಕೋಶ ತನಗೆ ಬೇಕಾದ ಶರ್ಕರಗಳನ್ನು ಮಾಡಿಕೊಳ್ಳುತ್ತದೆ. ಗಂಜಿಯ ಬೆಲ್ಲ ಬಿಟ್ಟು ಗೆಡ್ಡೆಯ ಕೋಶದ ಸರಪಳಿಯನ್ನು ಬೋಳಿಸಲಾಗದು. ಬೋಳಿಸುವುದು ಒಳ್ಳೆಯದೆಂದೂ ಹೇಳುವಂತಿಲ್ಲ: ಶ್ವಾಸಕೋಶದ ಕ್ಯಾನ್ಸರ್ ಕೋಶಗಳಲ್ಲಿ ಸಿಯಾಲಿಕ್ ಆಮ್ಲವೂ ಫ್ಯೂಕೋಸೂ ಇಜಿಎಫ್ ಗ್ರಾಹಿಗಳ ಜೋಡಿಯಾಗುವಿಕೆಯನ್ನು ತಗ್ಗಿಸುತ್ತವೆ ಎಂದು ತೈವಾನಿನ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದರು.

ಯಜಮಾನರಿಗೆ ಮಧುಮೇಹ ಇಲ್ಲವೆಂದು ಬರೆದಿದ್ದೀರಿ. ಬಾಯಿ ಹುಣ್ಣಾಗಿ ನುಂಗಲು ಕಷ್ಟಪಡುವವರಿಗೆ ಈಗ ಮುಖ್ಯವಾದದ್ದು ತೂಕ ಇಳಿಯದಿರುವುದು. ಗಂಜಿಗೆ ಬೆಲ್ಲ ಹಾಕಬಹುದೇ, ಎಷ್ಟು ಎಂದು ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನೋ ಆಸ್ಪತ್ರೆಯ ಆಹಾರ ತಜ್ಞರನ್ನೋ ನಾಳೆಯೇ ಕೇಳಿ. ನೆಂಟರನ್ನಲ್ಲ, ನಮ್ಮನ್ನೂ ಅಲ್ಲ.

ಈ ಸಂಚಿಕೆಯ ತಿದ್ದುಪಡಿ ಅಂಕಣದಲ್ಲಿ, ‘ಸಕ್ಕರೆ ಸರಪಳಿಗಳಿಂದ ಅಲಂಕೃತವಾದ’ ಎಂಬುದನ್ನು ‘ಶರ್ಕರ ಸರಪಳಿಗಳನ್ನು ಹೊಂದಿರುವ’ ಎಂದು ಓದಿಕೊಳ್ಳಬೇಕೆಂದು ಅಚ್ಚು ಹಾಕಿಸಿದ್ದೇನೆ. ಯಜಮಾನರು ಹೇಗಿದ್ದಾರೆಂದು ಒಂದು ಸಾಲು ಬರೆಯಿರಿ.

– ಸಂಪಾದಕ