ಕರಿಕೋಟು ಬಿಟ್ಟು ಪಾಠಕ್ಕೆ ನಿಂತದ್ದು

ವಿರಾಜಪೇಟೆಯಿಂದ ನೀವು ಬರೆದದ್ದನ್ನು ಎರಡು ಸಲ ಓದಿದೆ. ಒಂಬತ್ತು ವರ್ಷ ವಕೀಲಿಕೆ ಮಾಡಿದ್ದೀರಿ. ಹೆಂಡತಿಗೆ ಕೆನಡಾದ ಒಂಟಾರಿಯೊದಲ್ಲಿ ಕೆಲಸ ಸಿಕ್ಕಿದೆ, ಜನವರಿಯಲ್ಲಿ ಹೊರಡುತ್ತೀರಿ. ಅಲ್ಲಿ ವಕೀಲನಾಗಬಹುದಾ, ನಾನ್ಯಾಕೆ ವಕೀಲಿಕೆ ಬಿಟ್ಟು ಇಲ್ಲಿನ ಕಾಲೇಜಿನಲ್ಲಿ ಕಮ್ಯುನಿಕೇಶನ್ ಪಾಠಕ್ಕೆ, ಅಂದರೆ ಕೆಲಸಕ್ಕೆ ಬೇಕಾದ ಬರವಣಿಗೆ, ಮಾತು ಕಲಿಸುವುದಕ್ಕೆ ಹೋದೆ ಅಂತ ಕೇಳಿದ್ದೀರಿ.

ಆಗಬಹುದು. ದಾರಿ ಉದ್ದ, ಅಷ್ಟೇ. ಹೊರದೇಶದ ಕಾನೂನು ಪದವಿಗಳನ್ನು ಪರಿಶೀಲಿಸುವ ಎನ್‌ಸಿಎ ಅನ್ನುವ ಸಮಿತಿ ನಿಮ್ಮ ಎಲ್‌ಎಲ್‌ಬಿ ನೋಡಿ, ಯಾವ್ಯಾವ ಪರೀಕ್ಷೆ ಬರೆಯಬೇಕು ಅಂತ ಹೇಳುತ್ತದೆ. ಇಲ್ಲಿನ ಸಂವಿಧಾನ, ಕ್ರಿಮಿನಲ್ ಕಾನೂನು, ಆಡಳಿತ ಕಾನೂನು ಸೇರಿ ಕನಿಷ್ಠ 5 ವಿಷಯ ಇರುತ್ತವೆ. ಆಮೇಲೆ ವಕೀಲರಿಗೆ ಲೈಸೆನ್ಸ್ ಕೊಡುವ ಒಂಟಾರಿಯೊ ಲಾ ಸೊಸೈಟಿಯ 2 ಪರೀಕ್ಷೆ. ಜೊತೆಗೆ ಆರ್ಟಿಕ್ಲಿಂಗ್, ಅಂದರೆ ನಮ್ಮಲ್ಲಿ ಸೀನಿಯರ್ ಹತ್ತಿರ ಜೂನಿಯರ್ ಆಗಿ ದುಡಿದ ಹಾಗೆ. ಅದೇ ಕಷ್ಟ. ಇಲ್ಲಿನ ಅನುಭವ ಇಲ್ಲ ಅಂತ ಒಂದು ಕಚೇರಿಯವರು ನನ್ನನ್ನು ಬಾಗಿಲಲ್ಲೇ ವಾಪಸ್ ಕಳಿಸಿದರು. ಆ ರಾತ್ರಿ ತುಂಬಾ ಅತ್ತಿದ್ದೇನೆ.

ಆದರೆ ನಾನು ಬಿಟ್ಟದ್ದು ಅದಕ್ಕಲ್ಲ.

ಮಡಿಕೇರಿಯಲ್ಲಿ ನನ್ನ ಹತ್ತಿರ ಜಾಸ್ತಿ ಬರುತ್ತಿದ್ದದ್ದು ಜಮ್ಮಾ ಬಾಣೆ, ಅಂದರೆ ತಲೆತಲಾಂತರದಿಂದ ಕುಟುಂಬಕ್ಕೆ ಬಂದ ಜಾಗದ ಕೇಸು. ಮಳೆಯಲ್ಲಿ ನೆಂದು, ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ ಸುತ್ತಿಕೊಂಡು ಒಬ್ಬರು ಅಜ್ಜ ಬಂದಿದ್ದರು. "ಇದರಲ್ಲಿ ಪಟ್ಟೇದಾರರ ಹೆಸರು ಮಾತ್ರ ಇದೆ, ನನ್ನ ಪಾಲು ಹೋಯ್ತಾ?" ಅಂತ ಕೇಳಿದರು. ಜಾಗ ಇಡೀ ಒಕ್ಕದ್ದು, ಅಂದರೆ ಮನೆತನದ್ದು, ಪಟ್ಟೇದಾರರು ಕುಟುಂಬದ ಪರವಾಗಿ ಇರುವವರು ಅಂತ ನಿಧಾನಕ್ಕೆ, ಅವರ ಮಾತಿನಲ್ಲೇ ಹೇಳಿದೆ. ಅವರ ಮುಖ ಸಡಿಲವಾದದ್ದು ಇನ್ನೂ ಕಣ್ಣಲ್ಲಿದೆ. ವಾದ ಮಾಡಿ ಗೆದ್ದ ದಿನಗಳಿಗಿಂತ ನನಗೆ ಅಂಥ ದಿನಗಳೇ ಇಷ್ಟ ಆಗುತ್ತಿದ್ದವು.

ಇಲ್ಲಿ ಲೈಬ್ರರಿಯಲ್ಲಿ ಹೊಸಬರಿಗೆ ಪತ್ರ ಬರೆದುಕೊಡಲು ಸುಮ್ನೆ ಕೂತೆ. ಮತ್ತೆ ಅದೇ ಖುಷಿ ಸಿಕ್ಕಿತು. ಅಲ್ಲಿಂದ ಕಾಲೇಜು. ಇಲ್ಲಿ ಎಲೆಕ್ಟ್ರಿಷಿಯನ್ ಆಗುವವರಿಗೂ ನರ್ಸಿಂಗ್ ಓದುವವರಿಗೂ ಈ ಪಾಠ ಇರುತ್ತದೆ. ಮೊದಲ ವಾರ ಅಪಘಾತದ ವರದಿ ಬರೆಸುತ್ತೇನೆ. ಯಾರು, ಯಾವಾಗ, ಎಲ್ಲಿ, ಏನಾಯಿತು. ನೀವು ಕಣ್ಣಿಂದ ನೋಡಿದ್ದೆಷ್ಟು, ಬೇರೆಯವರು ಹೇಳಿದ್ದೆಷ್ಟು ಅಂತ ಬೇರೆ ಮಾಡಿಸುತ್ತೇನೆ. ಸಾಕ್ಷಿಯನ್ನು ಪಾಟೀಸವಾಲು ಮಾಡಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಅಲ್ವಾ? ನಿಮ್ಮ ಒಂಬತ್ತು ವರ್ಷ ಎಲ್ಲೂ ಹೋಗುವುದಿಲ್ಲ.

ಹಾಗಂತ ನನ್ನನ್ನು ನೋಡಿ ಈ ಕಡೆ ಹಾರಬೇಡಿ. ಕೆಲಸ ಹೆಚ್ಚಾಗಿ ಒಂದೊಂದು ಸೆಮಿಸ್ಟರಿಗೆ ಸಿಗುತ್ತದೆ. ಪಾರ್ಶಿಯಲ್ ಲೋಡ್ ಅನ್ನುವ ಇಂಥ ಅರೆಕಾಲಿಕ ಕೆಲಸ ಅಂದರೆ ವಾರಕ್ಕೆ 7ರಿಂದ 12 ಗಂಟೆ ಪಾಠ. ಮುಂದಿನ ಸೆಮಿಸ್ಟರ್ ಇದೆಯಾ ಅಂತ ಹಿಂದಿನ ದಿನದವರೆಗೂ ಗೊತ್ತಿರದ ವರ್ಷಗಳನ್ನು ಕಳೆದಿದ್ದೇನೆ. 2024ರಲ್ಲಿ ವಿದೇಶಿ ವಿದ್ಯಾರ್ಥಿಗಳ ಪರ್ಮಿಟ್‌ಗೆ ಸರ್ಕಾರ ಮಿತಿ ಹಾಕಿದ ಮೇಲೆ ತುಂಬಾ ಕಾಲೇಜುಗಳು ಕೋರ್ಸ್ ನಿಲ್ಲಿಸಿ, ಜನರನ್ನೂ ಕಡಿಮೆ ಮಾಡಿದವು. ಮಾಸ್ಟರ್ಸ್ ಡಿಗ್ರಿ ಕೇಳುವ ಕಡೆಯೂ ಜಾಸ್ತಿ. ಕೋರ್ಟಿನಲ್ಲಿ ನಿಲ್ಲುವ ಆಸೆ ನಿಮಗೆ ಇನ್ನೂ ಇದ್ದರೆ ಮೊದಲು ಎನ್‌ಸಿಎ ಅರ್ಜಿ ಹಾಕಿ. ಮನೆ ಬಾಡಿಗೆಗೆ ಮೊದಲ ವರ್ಷ ಹೆಂಡತಿಯ ಸಂಬಳ ಸಾಕಾಗುತ್ತದಾ ಅಂತ ಇಬ್ಬರೂ ಕೂತು ಲೆಕ್ಕ ಹಾಕಿ.

ಒಂದು ಕೆಲಸ ಮಾತ್ರ ಹುತ್ತರಿ ಹಬ್ಬಕ್ಕೆ ಮುಂಚೆಯೇ ಮುಗಿಸಿ. ನಿಮ್ಮ ಅಂಕಪಟ್ಟಿ ವಿಶ್ವವಿದ್ಯಾಲಯದಿಂದಲೇ ನೇರವಾಗಿ ಎನ್‌ಸಿಎಗೆ ಹೋಗಬೇಕು. ನೀವು ಕೈಯಲ್ಲಿ ತಂದರೆ ನಡೆಯುವುದಿಲ್ಲ. ಊರಲ್ಲಿದ್ದರೆ ನೀವೇ ಹೋಗಿ ಕೌಂಟರ್ ಮುಂದೆ ನಿಂತು ಕಳಿಸಬಹುದು. ಇಲ್ಲಿಂದ ಫೋನ್ ಮಾಡಿ ಮಾಡಿ ಅದನ್ನು ತರಿಸಲು ನನಗೆ ಏಳು ತಿಂಗಳು ಹಿಡಿಯಿತು.