ಓದುಗರ ಪ್ರಶ್ನೆಗೆ ಉತ್ತರ: ಹತ್ತಲಾಗದ ಮಿನಾರನ್ನು ನೋಡುವ ಬಗೆ

ಪ್ರಶ್ನೆ: ಮಾನ್ಯರೇ, ಬರುವ ಫೆಬ್ರವರಿಯಲ್ಲಿ ನಮ್ಮ ತಾಯಿಯವರನ್ನು ಕರೆದುಕೊಂಡು ದೆಹಲಿಗೆ ಹೊರಟಿದ್ದೇನೆ. ಅವರಿಗೆ ಎಪ್ಪತ್ತೆರಡು ವರ್ಷ, ಮೊಣಕಾಲು ನೋವು ಬೇರೆ. ಕುತುಬ್ ಮಿನಾರ್ ನೋಡಬೇಕೆಂಬುದು ಅವರ ಬಹುಕಾಲದ ಆಸೆ. ನಮ್ಮ ಅಣ್ಣನವರು ಮಾತ್ರ ‘ಮೇಲೆ ಹತ್ತಲು ಆಗದವರು ಅಲ್ಲಿಗೆ ಹೋಗಿ ಮಾಡುವುದೇನು?’ ಎನ್ನುತ್ತಾರೆ. ನಮಗೆ ಸಿಗುವುದು ಅರ್ಧ ದಿನ. ಏನೇನು ನೋಡಬಹುದು?
(ಗೃಹಿಣಿ, ಸಿಂಧನೂರು)

ಉತ್ತರ: ಮಿನಾರಿನ ಮೇಲೆ ಈಗ ಯಾರೂ ಹತ್ತುವಂತಿಲ್ಲ ಎಂದು ಮೊದಲು ನಿಮ್ಮ ಅಣ್ಣನವರಿಗೆ ತಿಳಿಸಿ. 1981ರ ಡಿಸೆಂಬರ್ 4ರಂದು ಒಳಗಿನ ಸುರುಳಿ ಮೆಟ್ಟಿಲುಗಳಲ್ಲಿ ದೀಪ ಆರಿ, ಕತ್ತಲೆಯಲ್ಲಿ ಉಂಟಾದ ನೂಕುನುಗ್ಗಲಿನಲ್ಲಿ 45 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಶಾಲೆಯ ಮಕ್ಕಳು. ಆ ಬಳಿಕ ಮುಚ್ಚಿದ ಬಾಗಿಲು ಸಾರ್ವಜನಿಕರಿಗೆ ಮತ್ತೆ ತೆರೆದಿಲ್ಲ. ಒಳಗಿರುವ 379 ಮೆಟ್ಟಿಲುಗಳ ವಿಷಯದಲ್ಲಿ ಮೊಣಕಾಲು ಗಟ್ಟಿಯಿರುವ ನಿಮ್ಮ ಅಣ್ಣನವರೂ ನಿಮ್ಮ ತಾಯಿಯವರೂ ಒಂದೇ.

ಇದರಿಂದ ನಷ್ಟವೇನೂ ಇಲ್ಲವೆಂಬುದು ನಮ್ಮ ಅಭಿಪ್ರಾಯ. ಮಿನಾರು ಓದಿಸಿಕೊಳ್ಳುವುದು ಕೆಳಗಿನಿಂದಲೇ. ತಾಯಿಯವರನ್ನು ಸ್ವಲ್ಪ ದೂರದಲ್ಲಿ ನೆರಳಿರುವ ಕಡೆ ಕೂರಿಸಿ, ಬುಡದಿಂದ ಮೇಲಕ್ಕೆ ಒಂದೊಂದೇ ಅಂತಸ್ತನ್ನು ತೋರಿಸಿ. ಮೊದಲ ಅಂತಸ್ತಿನ ಮೈಯಲ್ಲಿ ದುಂಡನೆಯ ಏಣೂ ಚೂಪಾದ ಏಣೂ ಒಂದನ್ನು ಬಿಟ್ಟು ಒಂದು ಬರುತ್ತವೆ; ಎರಡನೆಯದರಲ್ಲಿ ದುಂಡನೆಯವು ಮಾತ್ರ, ಮೂರನೆಯದರಲ್ಲಿ ಚೂಪಾದವು ಮಾತ್ರ ಇವೆ. ಅದರ ಮೇಲಿನ ಎರಡು ಅಂತಸ್ತುಗಳಲ್ಲಿ ಏಣುಗಳೇ ಮಾಯವಾಗಿ, ಕೆಂಪು ಮರಳುಗಲ್ಲಿನ ನಡುವೆ ಬಿಳಿ ಅಮೃತಶಿಲೆ ಕಾಣಿಸಿಕೊಳ್ಳುತ್ತದೆ. ಈ ವ್ಯತ್ಯಾಸಕ್ಕೆ ಕಾರಣವಿದೆ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಕುತ್ಬುದ್ದೀನ್ ಐಬಕ್ ಆರಂಭಿಸಿದ ಕಟ್ಟಡವನ್ನು ಅವನ ಅಳಿಯ ಇಲ್ತುತ್ಮಿಷ್ ಮೇಲಕ್ಕೆ ಬೆಳೆಸಿದನು. ಸಿಡಿಲಿನಿಂದ ಹಾಳಾದ ತುದಿಯನ್ನು 1369ರ ಹೊತ್ತಿಗೆ ಫಿರೋಜ್ ಷಾ ತುಘಲಕ್ ಅಮೃತಶಿಲೆ ಬಳಸಿ ಹೊಸದಾಗಿ ಕಟ್ಟಿಸಿದನು. ಆ ದುರಸ್ತಿ ಮಾಡಿದ ಶಿಲ್ಪಿಗಳು ವಿಶ್ವಕರ್ಮನ ಕೃಪೆಯನ್ನು ಸ್ಮರಿಸಿ ನಾಗರಿ ಲಿಪಿಯಲ್ಲಿ ಶಾಸನವೊಂದನ್ನೂ ಬಿಟ್ಟುಹೋಗಿದ್ದಾರೆ. ಒಟ್ಟು ಎತ್ತರ 72.5 ಮೀಟರ್, ಬುಡದ ಅಡ್ಡಳತೆ 14 ಮೀಟರಿಗೂ ಮಿಕ್ಕಿದ್ದರೆ ತುದಿಯಲ್ಲಿ ಅದು ಮೂರು ಮೀಟರಿಗೂ ಕಡಿಮೆ.

ಮಿನಾರಿಗಿಂತ ಹೆಚ್ಚು ಹೊತ್ತನ್ನು ಪಕ್ಕದ ಕುವ್ವತ್-ಉಲ್-ಇಸ್ಲಾಂ ಮಸೀದಿಯ ಅಂಗಳಕ್ಕೆ ಕೊಡಿ. ಇಪ್ಪತ್ತೇಳು ದೇವಾಲಯಗಳ ಸಾಮಗ್ರಿಯಿಂದ ಇದನ್ನು ಕಟ್ಟಿದೆವೆಂದು ಮಸೀದಿಯ ಪೂರ್ವದ ಬಾಗಿಲಿನ ಶಾಸನವೇ ಹೇಳುತ್ತದೆ. ಸುತ್ತಲಿನ ಕೈಸಾಲೆಯ ಕಂಬಗಳ ಮೇಲೆ ಸರಪಳಿಗೆ ತೂಗುಬಿಟ್ಟ ಗಂಟೆಗಳ ಕೆತ್ತನೆ ಇಂದಿಗೂ ಉಳಿದಿದೆ. ಇಟಗಿಯ ಮಹಾದೇವ ದೇವಾಲಯವನ್ನು ನೋಡಿದವರು ಅಲ್ಲಿ ಕಂಬದಿಂದ ಕಂಬಕ್ಕೆ ಸುಮ್ಮನೆ ದಾಟಿಹೋಗಲಾರರು. ಅಂಗಳದ ಪಶ್ಚಿಮಕ್ಕೆ ನಿಂತಿರುವ ಎತ್ತರದ ಕಮಾನುಗಳನ್ನು ಹತ್ತಿರದಿಂದ ನೋಡಿ. ಅವು ಆಕಾರದಲ್ಲಿ ಮಾತ್ರ ಕಮಾನುಗಳು. ಕಲ್ಲುಗಳನ್ನು ಅಡ್ಡಡ್ಡ ಮಲಗಿಸಿ, ಒಂದೊಂದು ವರಸೆಯನ್ನೂ ಕೆಳಗಿನದಕ್ಕಿಂತ ತುಸು ಮುಂದಕ್ಕೆ ಚಾಚಿ, ಕಡೆಗೆ ನೆತ್ತಿಯಲ್ಲಿ ಕೂಡಿಸಿದ್ದಾರೆ. ಇದು ದೇವಾಲಯ ಕಟ್ಟಿ ಪಳಗಿದ ಕೈಗಳ ಕೆಲಸ. ಅಲ್ಲಿಂದ ನೂರು ಹೆಜ್ಜೆಯ ಆಸುಪಾಸಿನಲ್ಲಿ, 1311ರಲ್ಲಿ ಅಲಾವುದ್ದೀನ್ ಖಲ್ಜಿ ಕಟ್ಟಿಸಿದ ಅಲಾಯಿ ದರ್ವಾಜಾದ ಕೆಳಗೆ ನಿಂತು ಮತ್ತೆ ಮೇಲೆ ನೋಡಿದರೆ, ಬೆಣೆಯಾಕಾರದ ಕಲ್ಲುಗಳನ್ನು ಬೀಸಣಿಗೆಯಂತೆ ಹೊಂದಿಸಿದ ನಿಜವಾದ ಕಮಾನು ಕಾಣುತ್ತದೆ. ನೂರು ವರ್ಷಗಳಲ್ಲಿ ಕಲ್ಲುಕುಟಿಗರು ಕಲಿತದ್ದು ಈ ಎರಡು ಸಂದುಗಳ ನಡುವೆ ಇದೆ.

ಅಲಾವುದ್ದೀನನೇ ಕುತುಬ್ ಮಿನಾರಿನ ಇಮ್ಮಡಿ ಎತ್ತರಕ್ಕೆ ಏರಿಸಲು ಹೊರಟ ಅಲಾಯಿ ಮಿನಾರು, 1316ರಲ್ಲಿ ಅವನು ತೀರಿಕೊಂಡ ಮೇಲೆ 24.5 ಮೀಟರಿಗೆ ನಿಂತುಹೋಗಿದೆ; ದೂರದಿಂದಲೇ ನೋಡಿದರೆ ಸಾಕು. ಹುಲ್ಲುಹಾಸಿನಲ್ಲಿ ಒಂಟಿಯಾಗಿ ನಿಂತಿರುವ ಪುಟ್ಟ ಛತ್ರಿಮಂಟಪವೊಂದು ಕಾಣುತ್ತದೆ. 1803ರ ಭೂಕಂಪದಲ್ಲಿ ಮಿನಾರಿನ ತುದಿ ಬಿದ್ದಾಗ ಮೇಜರ್ ರಾಬರ್ಟ್ ಸ್ಮಿತ್ ಎಂಬ ಎಂಜಿನಿಯರ್ 1828ರಲ್ಲಿ ತಮ್ಮ ಅಭಿರುಚಿಗೆ ತೋಚಿದ ಈ ಮಂಟಪವನ್ನು ಮೇಲಿಟ್ಟರು. ಅದು ಒಪ್ಪುವುದಿಲ್ಲವೆಂದು 1848ರಲ್ಲಿ ಕೆಳಗಿಳಿಸಿದರು. ಅಂದಿನಿಂದ ಅದಕ್ಕೆ ‘ಸ್ಮಿತ್ ಸಾಹೇಬರ ಪೆದ್ದುತನ’ ಎಂಬ ಅಡ್ಡಹೆಸರು.

ರಾಯಚೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದರೆ ನೇರವಾಗಿ ನವದೆಹಲಿ ನಿಲ್ದಾಣದಲ್ಲಿಯೇ ಇಳಿಯಬಹುದು. ಅಲ್ಲಿಂದ ಮೆಟ್ರೊದ ಹಳದಿ ಮಾರ್ಗದಲ್ಲಿ ಎಲ್ಲಿಯೂ ಗಾಡಿ ಬದಲಿಸದೆ ಕುತುಬ್ ಮಿನಾರ್ ನಿಲ್ದಾಣ ತಲುಪಬಹುದಾದರೂ, ಸ್ಮಾರಕ ಅಲ್ಲಿಂದ ನಡೆದುಹೋಗುವಷ್ಟು ಹತ್ತಿರವಿಲ್ಲ, ಆಟೊ ಮಾಡಿಕೊಳ್ಳಿ. ತಾಜ್ ಮಹಲಿಗೆ ಶುಕ್ರವಾರ ರಜೆ, ಕುತುಬ್ ಆವರಣಕ್ಕೆ ಅಂಥ ರಜೆಯಿಲ್ಲ. ಆವರಣ ಬಹುಮಟ್ಟಿಗೆ ಸಮತಟ್ಟಾಗಿದೆ. ಕೆಲವೆಡೆ ಮಾತ್ರ ಎತ್ತರದ ಕಲ್ಲಿನ ಮೆಟ್ಟಿಲುಗಳಿವೆ. 2001ರ ಜನವರಿಯಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಬಂದಾಗ ಅವರ ಗಾಲಿಕುರ್ಚಿಗಾಗಿ ಇಲ್ಲಿ ಮರದ ಇಳಿಜಾರುಗಳನ್ನು ಹಾಕಿದ್ದರು. ಬೆಳಿಗ್ಗೆ ಬೇಗ ಹೋಗಿ. ನಮ್ಮ ಕಡೆಯ ಬಿಸಿಲಿಗೆ ಹೊಂದಿಕೊಂಡ ಮೈಗೆ ಫೆಬ್ರವರಿಯ ದೆಹಲಿಯ ಮುಂಜಾನೆ ಚಳಿಯೆನಿಸುತ್ತದೆ, ತಾಯಿಯವರಿಗೆ ಒಂದು ಶಾಲು ಇರಲಿ.

ಸಮಯ ಉಳಿದರೆ ಪಕ್ಕದ ಮೆಹ್ರೌಲಿಯಲ್ಲಿ, 1235ರಲ್ಲಿ ತೀರಿಕೊಂಡ ಸೂಫಿ ಸಂತ ಖ್ವಾಜಾ ಕುತ್ಬುದ್ದೀನ್ ಬಖ್ತಿಯಾರ್ ಕಾಕಿ ಅವರ ದರ್ಗಾ ಇದೆ. ಮಿನಾರಿನ ಹೆಸರು ಐಬಕನಿಂದ ಬಂದಿತೆಂದು ಕೆಲವರೂ ಈ ಸಂತರಿಂದ ಬಂದಿತೆಂದು ಕೆಲವರೂ ಹೇಳುತ್ತಾರೆ. ಪ್ರತಿವರ್ಷ ನಡೆಯುವ ಹೂವಿನವರ ಮೆರವಣಿಗೆಯಲ್ಲಿ ಈ ದರ್ಗಾಕ್ಕೂ ಸಮೀಪದ ಯೋಗಮಾಯಾ ದೇವಾಲಯಕ್ಕೂ ಹೂವಿನ ಬೀಸಣಿಗೆ ಒಪ್ಪಿಸುತ್ತಾರೆ. ಮುದಗಲ್ಲಿನ ಮೊಹರಂ ನೋಡಿ ಬೆಳೆದ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಜೋಂ ಕೀ ಬಾವಲಿ ಎಂಬ ಮೆಟ್ಟಿಲುಬಾವಿಯೂ ಚೆನ್ನಾಗಿದೆ, ಆದರೆ ಅದನ್ನು ನಿಮ್ಮ ಅಣ್ಣನವರಿಗೆ ಬಿಡಿ.

ಪ್ರಶ್ನೆ: ನಾನು ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಕುತುಬ್ ಆವರಣದ ಕಬ್ಬಿಣದ ಕಂಬಕ್ಕೆ ತುಕ್ಕು ಹಿಡಿಯುವುದಿಲ್ಲವೆಂದು ಬಾಲ್ಯದಿಂದಲೂ ಕೇಳಿದ್ದೇನೆ. ಇದು ನಿಜವೇ?
(ಓದುಗ, ತೋರಣಗಲ್ಲು)

ಉತ್ತರ: ತುಕ್ಕು ಹಿಡಿದಿದೆ, ಆದರೆ ಆ ತುಕ್ಕೇ ಅದರ ಕವಚವಾಗಿದೆ. ಗುಪ್ತರ ಕಾಲದ, 7.2 ಮೀಟರ್ ಉದ್ದದ, ಆರು ಟನ್ನಿಗೂ ಮಿಕ್ಕಿದ ಈ ಕಂಬದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅಂದಿನವರು ಅದಿರು ಕರಗಿಸುವಾಗ ಸುಣ್ಣಕಲ್ಲು ಸೇರಿಸುತ್ತಿರಲಿಲ್ಲವಾದ್ದರಿಂದ ರಂಜಕ ಕಿಟ್ಟದೊಡನೆ ಹೊರಹೋಗದೆ ಲೋಹದಲ್ಲಿಯೇ ಉಳಿಯಿತು. ಉಕ್ಕನ್ನು ಬಿರುಸುಗೊಳಿಸುತ್ತದೆಂದು ನಿಮ್ಮ ಕುಲುಮೆಗಳಲ್ಲಿ ಪ್ರಯಾಸಪಟ್ಟು ತೆಗೆದುಹಾಕುವ ಅದೇ ರಂಜಕ ಇಲ್ಲಿ ಕಂಬದ ಮೈಮೇಲೆ ತೆಳುವಾದ ರಕ್ಷಣಾ ಪದರವನ್ನು ಕಟ್ಟಿದೆಯೆಂದು ಕಾನ್ಪುರದ ಐಐಟಿಯ ಲೋಹವಿಜ್ಞಾನಿ ಆರ್. ಬಾಲಸುಬ್ರಮಣಿಯಂ ವಿವರಿಸಿದ್ದಾರೆ. ಕಂಬದ ಮೇಲಿನ ಬ್ರಾಹ್ಮೀ ಶಾಸನ ‘ಚಂದ್ರ’ ಎಂಬ ರಾಜನನ್ನು ಹೊಗಳುತ್ತದೆ. ಅವನು ಎರಡನೆಯ ಚಂದ್ರಗುಪ್ತನೆಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ವಿಷ್ಣುವಿನ ಧ್ವಜವಾಗಿ ನಿಂತಿದ್ದ ಈ ಕಂಬ ಮೂಲತಃ ದೆಹಲಿಯದಲ್ಲ, ಬೇರೆಡೆಯಿಂದ ತಂದದ್ದು. ಬೆನ್ನು ಕೊಟ್ಟು ನಿಂತು, ಕೈಗಳನ್ನು ಹಿಂದಕ್ಕೆ ಬಳಸಿ ಬೆರಳು ಕೂಡಿಸಿದರೆ ಅದೃಷ್ಟ ಒಲಿಯುತ್ತದೆಂದು ಬಂದವರೆಲ್ಲ ಉಜ್ಜಿ ಉಜ್ಜಿ ಅದರ ಬುಡ ಹೊಳೆಯತೊಡಗಿತ್ತು. ಈಗ ಸುತ್ತಲೂ ಬೇಲಿಯಿದೆ.

ಪ್ರಶ್ನೆ: ನಮ್ಮ ಕೋಟೆಯ ಏಕ್ ಮಿನಾರ್ ಮಸೀದಿಯನ್ನು ‘ರಾಯಚೂರಿನ ಕುತುಬ್ ಮಿನಾರ್’ ಎನ್ನಬಹುದೇ?
(ಪದವಿ ವಿದ್ಯಾರ್ಥಿನಿ, ರಾಯಚೂರು)

ಉತ್ತರ: ಎನ್ನದಿರುವುದೇ ಮೇಲು. ಹಾಗೆ ಕರೆದರೆ 65 ಅಡಿಯ ನಮ್ಮ ಮಿನಾರು 238 ಅಡಿಯ ಅದರ ಮುಂದೆ ಸುಮ್ಮನೆ ಕುಬ್ಜವಾಗುತ್ತದೆ, ಜೊತೆಗೆ ಅದರ ವಂಶವೂ ತಪ್ಪಿಹೋಗುತ್ತದೆ. ಬಹಮನಿ ಸುಲ್ತಾನ ಮಹಮೂದ್ ಷಾನ ಕಾಲದಲ್ಲಿ, 1513ರಲ್ಲಿ, ಅಂದರೆ ಕೃಷ್ಣದೇವರಾಯನು ರಾಯಚೂರನ್ನು ಗೆದ್ದ 1520ರ ಯುದ್ಧಕ್ಕೆ ಏಳು ವರ್ಷ ಮೊದಲು ಎದ್ದ ಈ ಮಿನಾರಿನ ನೆಂಟಸ್ತಿಕೆಯಿರುವುದು ದೌಲತಾಬಾದಿನ ಚಾಂದ್ ಮಿನಾರಿನೊಡನೆ ಮತ್ತು ಬೀದರಿನ ಮಹಮೂದ್ ಗವಾನ್ ಮದರಸಾದ ಮಿನಾರಿನೊಡನೆ. ಪರ್ಷಿಯದ ಮಾದರಿಯಲ್ಲಿ ಮೇಲೆ ಹೋದಂತೆ ಸಣ್ಣಗಾಗುವ ಎರಡು ಅಂತಸ್ತು, ಸುತ್ತ ಮೊಗಸಾಲೆ, ತುದಿಯಲ್ಲಿ ಬಹಮನಿ ಶೈಲಿಯ ಗುಮ್ಮಟ: ಇವನ್ನು ಬೀದರಿನ ಚಿತ್ರದ ಪಕ್ಕದಲ್ಲಿಟ್ಟು ನೋಡಿ. ಇದು ಪ್ರಾರ್ಥನೆಯ ಸ್ಥಳವಾದ್ದರಿಂದ ನಮಾಜಿನ ಹೊತ್ತು ಬಿಟ್ಟು ಹೋಗಬೇಕು, ಅಲ್ಲಿರುವ ಹಿರಿಯರನ್ನು ಕೇಳಿಕೊಂಡು ಒಳಗೆ ಕಾಲಿಡಬೇಕು.

ಹೋದವರು ಒಳಕೋಟೆಯ ಪಶ್ಚಿಮದ ಗೋಡೆಯನ್ನು ನೋಡದೆ ಬರಬೇಡಿ. 1294ರ ಕಾಕತೀಯರ ಕಾಲದ ತೆಲುಗು ಶಾಸನವಿರುವ, 41 ಅಡಿಗೂ ಹೆಚ್ಚು ಉದ್ದದ ಒಂದೇ ಬಂಡೆ ಅಲ್ಲಿದೆ. ಅಷ್ಟು ದೊಡ್ಡ ಕಲ್ಲನ್ನು ತಂದದ್ದು ಹೇಗೆಂದು ಕೇಳುವವರಿಗೆ ಉತ್ತರವೂ ಅದರ ಬಳಿಯಲ್ಲೇ ಇದೆ: ಸಾಲುಗಟ್ಟಿ ಹೂಡಿದ ಕೋಣಗಳ ಜೋಡಿಗಳು ಬಂಡಿಯ ಮೇಲೆ ಆ ಬಂಡೆಯನ್ನು ಎಳೆದು ತರುತ್ತಿರುವ ಗೀರುಚಿತ್ರವನ್ನು ಗೋಡೆಯ ಮೇಲೆಯೇ ಕೊರೆದಿದ್ದಾರೆ. ಓರೆಬಿಸಿಲಿನ ಹೊತ್ತಿಗೆ ಹೋಗಿ. ನೆತ್ತಿಯ ಮೇಲೆ ಸೂರ್ಯನಿರುವಾಗ ಗೀರುಗಳು ಸರಿಯಾಗಿ ಕಾಣುವುದಿಲ್ಲ.