ರೋಮನ್ ಸೈನಿಕನ ಬೆಲ್ಟ್ ಮಾಡೋಕೆ ಯಾವ ಚರ್ಮ, ಯಾವ ಬಕಲ್ ಸೆಟ್ ತಗೊಳ್ಳಲಿ?

ಚರ್ಮ, ಬಕಲ್ ಎರಡನ್ನೂ ಸದ್ಯಕ್ಕೆ ಬದಿಗಿಡಿ. ಜರ್ಮನಿಗೆ ಬಂದ ಹೊಸದರಲ್ಲಿ ನಾನೂ ರೋಮನ್ ಸೈನಿಕರ ವೇಷ ಹಾಕುವ ಗುಂಪೊಂದಕ್ಕೆ ಸೇರಿ, ನಿಮ್ಮ ಹಾಗೇ ಮೊದಲು ಅಂಗಡಿ ಹುಡುಕಿದ್ದೆ.

ನನ್ನ ಮಾದರಿ ಬಾಟ್ ಕ್ರೋಯ್ಟ್ಸ್‌ನಾಖ್ ಊರಿನ ಮ್ಯೂಸಿಯಂನಲ್ಲಿರುವ ಅನ್ನಾಯುಸ್ ದಾವೆರ್ಜುಸ್‌ನ ಸಮಾಧಿ ಕಲ್ಲು. ಮೊದಲನೇ ಶತಮಾನದ ಸೈನಿಕ. ಸೊಂಟದಲ್ಲಿ ಒಂದನ್ನೊಂದು ಅಡ್ಡ ಹಾಯುವ ಎರಡು ಬೆಲ್ಟ್. ಬಲಕ್ಕೆ ಕತ್ತಿ, ಎಡಕ್ಕೆ ಬಾಕು. ಮುಂದೆ ಜೋತಾಡುವ ಪಟ್ಟಿಗಳು. ಕೆತ್ತಿದವನು ಬೆಲ್ಟಿನ ಫಲಕಗಳ ಅಲಂಕಾರವನ್ನೂ ಬಿಟ್ಟಿಲ್ಲ. ಇನ್ನೇನು ಬೇಕು, ಇದನ್ನೇ ಇಳಿಸಿದರಾಯಿತು ಅಂದುಕೊಂಡೆ. ಅಂಗಿಯ ಮೇಲೆ ಟೇಪ್ ಹಿಡಿದು ಸೊಂಟ ಅಳೆದೆ, ಚರ್ಮ ಕತ್ತರಿಸಿದೆ, ಕಲಾಯಿ ಹಾಕಿದ ಹಿತ್ತಾಳೆ ಫಲಕಗಳನ್ನು ಈ ತುದಿಯಿಂದ ಆ ತುದಿಗೆ ಒತ್ತೊತ್ತಾಗಿ ರಿವೆಟ್ ಹೊಡೆದು ಕೂರಿಸಿದೆ. ನೋಡೋಕೆ ಡಾಬಿನ ಹಾಗಿತ್ತು.

ಆದರೆ ಕಲ್ಲಿನಲ್ಲಿ ದಾವೆರ್ಜುಸ್ ಯುದ್ಧಕ್ಕೆ ಹೊರಟಿಲ್ಲ. ಅವನ ಮೈಮೇಲೆ ಇರೋದು ಅಂಗಿ ಮತ್ತು ಹೊದಿಕೆ. ಕವಚವೇ ಇಲ್ಲ! ನಮ್ಮ ಗುಂಪು ನಡೆಯೋದು ಕಬ್ಬಿಣದ ಉಂಗುರ ಹೆಣೆದ ಕವಚ ತೊಟ್ಟು. ಅದು ಸುಮಾರು 10 ಕೆಜಿ. ಅದರೊಳಗೆ ದಪ್ಪ ಅಂಗಿ ಬೇರೆ. ಇಷ್ಟೂ ಭಾರ ಭುಜದ ಮೇಲೆ ಕೂತರೆ ಸ್ವಲ್ಪ ಹೊತ್ತಿಗೇ ಸುಸ್ತು. ಅದಕ್ಕೇ ಕವಚವನ್ನು ಒಂದಿಷ್ಟು ಮೇಲಕ್ಕೆತ್ತಿ ಬೆಲ್ಟ್ ಬಿಗಿಯಬೇಕು. ಆಗ ಅರ್ಧ ಭಾರ ಸೊಂಟಕ್ಕೆ ಇಳಿಯುತ್ತೆ. ಹಾಗೆ ಎತ್ತಿದಾಗ ಉಂಗುರಗಳು ಬೆಲ್ಟಿನ ಹತ್ತಿರ ಗುಡ್ಡೆಯಾಗಿ ಸುತ್ತಳತೆ ಇನ್ನೂ ಹೆಚ್ಚುತ್ತೆ. ಸಾಲದ್ದಕ್ಕೆ ಎರಡೂ ಬೆಲ್ಟ್ ಓರೆಯಾಗಿ ಪೃಷ್ಠದ ಮೇಲೆ ಇಳಿಯುತ್ತವೆ. ಸೊಂಟದ ನೇರ ಅಳತೆ ಅಲ್ಲಿ ಯಾವ ಲೆಕ್ಕಕ್ಕೂ ಬರಲ್ಲ. ಮೆರವಣಿಗೆಯ ದಿನ ಬೆಳಿಗ್ಗೆ ಬಕಲ್ ತೂತಿನ ಹತ್ತಿರಕ್ಕೂ ಬರಲಿಲ್ಲ.

ಇನ್ನೊಂದು ತೂತು ಹೊಡೆದರಾಯಿತಲ್ವಾ ಅಂತೀರಿ. ಹೊಡೆಯೋದು ಎಲ್ಲಿ? ಜಾಗವೆಲ್ಲ ಫಲಕ ತಿಂದಿತ್ತು. ರಿವೆಟ್ ತಲೆಗಳನ್ನು ಅರದಿಂದ ಉಜ್ಜಿ ಕಿತ್ತೆ. ತಗಡು ಸೊಟ್ಟಗಾಯಿತು, ಕಲಾಯಿ ಹೋಯಿತು. ಉಳಿದ ಚರ್ಮವೋ ಜರಡಿ. ಎರಡೂ ಬೆಲ್ಟಿನ ದುಡ್ಡು ನೀರುಪಾಲು.

ಹಾಗಾಗಿ ಮೊದಲು ಕವಚ ತೊಡಿ, ಕತ್ತಿ ಬಾಕು ನೇತುಹಾಕಿ, ಹಗ್ಗ ಕಟ್ಟಿ ಅಳೆಯಿರಿ. ನಾಲ್ಕು ಹೆಜ್ಜೆ ಓಡಿ ಮತ್ತೆ ಅಳೆಯಿರಿ. ತುದಿಯಲ್ಲಿ ಒಂದು ಗೇಣು ಬರೀ ಚರ್ಮ ಬಿಡಿ.

ಬಕಲ್ ಸೆಟ್ ಅನ್ನೋ ಯೋಚನೆಯೇ ತಪ್ಪು ಅಂತ ನನ್ನ ಅಭಿಪ್ರಾಯ. ಇಲ್ಲಿ ಸಿಗುವ ರೆಡಿಮೇಡ್ ಬೆಲ್ಟ್ ಎಷ್ಟೋ ನಮ್ಮ ಉತ್ತರ ಭಾರತದಿಂದಲೇ ಬರುತ್ತವೆ. ಕೆಲಸ ಕೆಟ್ಟದ್ದಲ್ಲ. ಆದರೆ ಎಷ್ಟೋ ಸೆಟ್‌ಗಳಲ್ಲಿ ಬಕಲ್ ಒಂದು ಕಾಲದ್ದು, ಫಲಕ ಇನ್ನೊಂದು ಕಾಲದ್ದು. ಕ್ರಿ.ಶ. 197ರಲ್ಲಿ ಫ್ರಾನ್ಸ್‌ನ ಲಿಯಾನ್ ಕದನದ ಹೊತ್ತಿಗೆ ಸತ್ತ ಸೈನಿಕನೊಬ್ಬನ ಬೆಲ್ಟ್ ಸಿಕ್ಕಿದೆ. ಅದರ ಮೇಲೆ ಶುಭ ಹಾರೈಸುವ ಮಾತನ್ನು ಲೋಹದ ಅಕ್ಷರಗಳಲ್ಲಿ ಜೋಡಿಸಿದ್ದಾರೆ. ಬಹಳ ಚೆಂದ. ಅದನ್ನು ದಾವೆರ್ಜುಸ್‌ನ ಸೊಂಟಕ್ಕೆ ಕಟ್ಟೋಕಾಗುತ್ತಾ? ಒಂದು ಊರು, ಒಂದು ಕಾಲ ಹಿಡಿದುಕೊಳ್ಳಿ. ನೆದರ್ಲೆಂಡ್ಸ್‌ನ ವೆಲ್ಸನ್ ಕೋಟೆಯ ಬಾವಿಯಲ್ಲಿ ಸಿಕ್ಕ ಸೈನಿಕನ ಬಾಕು, ಬೆಲ್ಟ್ ಫಲಕಗಳನ್ನು ನೋಡಿ. ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಹರ್ಕ್ಯುಲೇನಿಯಂ ಊರಿನ ಕಡಲ ದಂಡೆಯಲ್ಲಿ ಸತ್ತವನ ಬೆಲ್ಟೂ ಒಳ್ಳೆಯ ಮಾದರಿ.

ಚರ್ಮದ ಬಗ್ಗೆ ಇಷ್ಟೇ. ತೊಗಟೆ ರಸದಲ್ಲಿ ಹದ ಮಾಡಿದ್ದು ತಗೊಳ್ಳಿ. ಕ್ರೋಮಿಯಂ ಲವಣದಲ್ಲಿ ಹದ ಮಾಡುವ ಕ್ರೋಮ್ ಚರ್ಮ 19ನೇ ಶತಮಾನದ್ದು, ಕತ್ತರಿಸಿದ ಅಂಚೇ ಗುಟ್ಟು ಬಿಟ್ಟುಕೊಡುತ್ತೆ. ದಪ್ಪ ಎಷ್ಟು ಅಂತ ಅಂಗಡಿಯವರನ್ನು ಕೇಳಬೇಡಿ. ನೀವು ಆರಿಸಿದ ಫಲಕದ ಹಿಂಬದಿಯ ಚಿತ್ರ ಹುಡುಕಿ. ಚರ್ಮ ಕೊಳೆತು ಹೋಗಿದ್ದರೂ ಫಲಕಕ್ಕೂ ರಿವೆಟ್ ತುದಿಯ ವಾಷರಿಗೂ ನಡುವಿನ ಸಂದು ಉಳಿದಿರುತ್ತೆ. ಚರ್ಮದ ದಪ್ಪ ಅಷ್ಟೇ.

ಮುಂದೆ ಜೋತಾಡುವ ಪಟ್ಟಿಗಳನ್ನು ಈ ವರ್ಷ ಬಿಡಿ. ಓಡುವಾಗ ತೊಡೆಗೆ, ಇನ್ನೂ ಹೇಳಬಾರದ ಜಾಗಕ್ಕೆ ಬಡಿಯುತ್ತವೆ. ಉದ್ದ ಎಷ್ಟಿರಬೇಕು ಅಂತ ಒಂದು ಸಲ ನಡೆದ ಮೇಲೆ ನಿಮಗೇ ಗೊತ್ತಾಗುತ್ತೆ.